ಮಳೆ ಹಿಡಿದಾಗ ಮಾತ್ರ ಸೋರುವ ಡ್ರೈವರ್: ತೀರ್ಥಹಳ್ಳಿ ತೋಟದ ಪೆಟ್ಟಿಗೆಯೊಂದರ ಪ್ರಕರಣ ಅಧ್ಯಯನ

ತೀರ್ಥಹಳ್ಳಿ ತಾಲ್ಲೂಕಿನ ಅಡಿಕೆ ತೋಟವೊಂದರಲ್ಲಿ ಕಂಬಕ್ಕೆ ಕಟ್ಟಿದ ಪೆಟ್ಟಿಗೆ ಎಲೆಯ ಮೇಲಿನ ತೇವ, ಉಷ್ಣಾಂಶ, ಗಾಳಿಯ ಆರ್ದ್ರತೆಗಳನ್ನು ಅಳೆದು ಮೊಬೈಲ್ ನೆಟ್‌ವರ್ಕ್ ಮೂಲಕ ಗಂಟೆಗೊಮ್ಮೆ ಕಳಿಸುತ್ತದೆ. ಕೊಳೆರೋಗಕ್ಕೆ ಬೋರ್ಡೋ ಹೊಡೆಯುವ ಹೊತ್ತು ಗೊತ್ತುಮಾಡಲು ಈ ಅಂಕಿ ಬೇಕು. ಮುಂಗಾರಿಗೆ ಮುಂಚೆ ಒಂದು ಸಲ, ಅದಾದ 40–45 ದಿನಕ್ಕೆ ಇನ್ನೊಂದು ಸಲ ಎಂಬ ರೂಢಿ ಇದ್ದೇ ಇದೆ. ಆದರೆ ಮಳೆ ಬಿಡದೆ ಹಿಡಿದ ವರ್ಷ ಗೊನೆ ಎಷ್ಟು ಗಂಟೆ ಒದ್ದೆಯಾಗಿಯೇ ಇತ್ತು ಎನ್ನುವುದರ ಮೇಲೆ ಆ ಲೆಕ್ಕ ಹಿಂದೆಮುಂದೆ ಆಗುತ್ತದೆ. ಹಾಗಾಗಿ ಈ ಪೆಟ್ಟಿಗೆ ನಿಜವಾಗಿ ಬೇಕಾದದ್ದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಅದು ಕೆಟ್ಟದ್ದೂ ಆಗಲೇ. ಬೇಸಿಗೆಯಲ್ಲಿ ಒಮ್ಮೆಯೂ ನಿಲ್ಲದೆ ಓಡಿದ್ದು, ಜಡಿಮಳೆ ಶುರುವಾದ ಮೇಲೆ ಸುಮಾರು ಒಂದೂವರೆ ದಿನಕ್ಕೊಮ್ಮೆ ತಾನಾಗಿ ರೀಬೂಟ್ ಆಗತೊಡಗಿತು. ರೀಬೂಟ್‌ಗೆ ಮುಂಚೆ ಎಲೆತೇವದ ಅಂಕಿಗಳೇ ಬರುತ್ತಿರಲಿಲ್ಲ. ಕಾರಣ ಕೊನೆಗೆ ಸಿಕ್ಕಿದ್ದು ಸೆನ್ಸರನ್ನು ನಡೆಸುವ ಕೋಡಿನಲ್ಲಿ, ಅಂದರೆ ಡ್ರೈವರಿನಲ್ಲಿ: ಪಡೆದ ಮೆಮೊರಿಯನ್ನು ಅದು ವಾಪಸ್ ಬಿಡದೆ ಸೋರಿಸುತ್ತಿತ್ತು.

ಒಳಗಿರುವುದು ಇಷ್ಟು: ಒಂದೇ ಕೋರ್‌ನ ಆರ್ಮ್ ಚಿಪ್, 64 ಎಂಬಿ ರ‍್ಯಾಮ್, ಲಿನಕ್ಸ್ 6.1, 4ಜಿ ಮೋಡೆಮ್, 12 ವೋಲ್ಟ್ ಬ್ಯಾಟರಿ, ಸೋಲಾರ್ ಪ್ಯಾನೆಲ್. ಎಲೆತೇವದ ಸೆನ್ಸರ್ ಒಂದೂವರೆ ಮೀಟರ್ ಕೇಬಲ್‌ನ ತುದಿಯಲ್ಲಿ, ಐ2ಸಿ ಬಸ್ಸಿನ (ಚಿಪ್‌ಗಳನ್ನು ಜೋಡಿಸುವ ಎರಡು ತಂತಿಯ ಸಂಪರ್ಕ) ಮೇಲೆ. ಅದರ ಡ್ರೈವರ್ ಲಿನಕ್ಸ್‌ನ ಮುಖ್ಯ ಮೂಲದಲ್ಲಿ ಇರುವಂಥದ್ದಲ್ಲ, ಹೊರಗಡೆ ಬರೆದು ಸೇರಿಸಿದ ಮಾಡ್ಯೂಲ್. ಮೇಲೊಂದು ಡೀಮನ್, ಅಂದರೆ ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂ, ಇದೆ. ಸೆನ್ಸರ್ ಓದು ಸತತ ಮೂರು ಸಲ ತಪ್ಪಿದರೆ ಅದು ಡ್ರೈವರನ್ನು ಅನ್‌ಬೈಂಡ್ ಮಾಡಿ (ಸೆನ್ಸರಿನಿಂದ ಬಿಡಿಸಿ), ಸರಿಹೋಗುವವರೆಗೂ 20 ಸೆಕೆಂಡಿಗೊಮ್ಮೆ ಮತ್ತೆ ಬೈಂಡ್ ಮಾಡಲು ನೋಡುತ್ತದೆ. ಬೈಂಡ್ ಮಾಡಿದಾಗ ಸೆನ್ಸರಿನ ಕರೆಂಟ್ ಹೋಗಿ ಬರುತ್ತದೆ, ಸಿಕ್ಕಿಹಾಕಿಕೊಂಡ ಚಿಪ್ ಸುಧಾರಿಸಿಕೊಳ್ಳುತ್ತದೆ ಎಂಬುದು ಇದರ ಹಿಂದಿನ ಯೋಚನೆ.

ಮೊದಲ ಅನುಮಾನ ಬ್ಯಾಟರಿ ಮೇಲೆ

ಮಳೆಗಾಲದಲ್ಲಿ ಸೋಲಾರ್ ಪೆಟ್ಟಿಗೆ ಕೈಕೊಟ್ಟರೆ ಮಲೆನಾಡಿನಲ್ಲಿ ಯಾರಾದರೂ ಹೇಳುವುದು "ಬಿಸಿಲೇ ಇಲ್ಲ, ಚಾರ್ಜ್ ಎಲ್ಲಿಂದ ಆಗ್ಬೇಕು" ಎಂದೇ. ಇಲ್ಲಿ ಆ ಮಾತಿಗೆ ಸಾಕ್ಷಿಯೂ ಸಿಕ್ಕಂತಾಯಿತು. ಕರ್ನಲ್ (ಲಿನಕ್ಸ್‌ನ ತಿರುಳು) ಬರೆಯುವ ಲಾಗ್ ತುಂಬ ರೆಗ್ಯುಲೇಟರ್ (ಸೆನ್ಸರಿಗೆ ಕರೆಂಟ್ ಕೊಡುವ ಭಾಗ) ಹೆಸರಿನ ಎಚ್ಚರಿಕೆಗಳಿದ್ದವು. ಬ್ಯಾಟರಿ ಬದಲಾಯಿತು, ಪ್ಯಾನೆಲ್ ದೊಡ್ಡದಾಯಿತು, ರೀಬೂಟ್ ಮಾತ್ರ ನಿಲ್ಲಲಿಲ್ಲ. ರೀಬೂಟ್ ಆಗುವ ಹೊತ್ತಿಗೆ ಬ್ಯಾಟರಿ 12.4 ವೋಲ್ಟ್ ತೋರಿಸುತ್ತಿತ್ತು. ಆ ವೋಲ್ಟೇಜ್‌ನಲ್ಲಿ ಯಾವ ಬೋರ್ಡೂ ಸಾಯುವುದಿಲ್ಲ.

ಆ ಎಚ್ಚರಿಕೆ ವೋಲ್ಟೇಜ್ ಕುಸಿದದ್ದನ್ನು ಹೇಳುತ್ತಿರಲಿಲ್ಲ. ರೆಗ್ಯುಲೇಟರನ್ನು ಆನ್ ಮಾಡಿದ ಡ್ರೈವರ್ ಅದನ್ನು ಬಿಟ್ಟುಕೊಡುವ ಮುಂಚೆ ಆಫ್ ಮಾಡಬೇಕು. ಆನ್ ಮಾಡಿದ ಎಣಿಕೆ ಸೊನ್ನೆಗೆ ಇಳಿಯದೆ ಬಿಟ್ಟುಕೊಟ್ಟರೆ ರೆಗ್ಯುಲೇಟರ್ ಕೋರ್ ಪ್ರತಿ ಸಲವೂ ಸ್ಟ್ಯಾಕ್ (ಯಾವ ಫಂಕ್ಷನ್ ಯಾವುದನ್ನು ಕರೆಯಿತು ಎಂಬ ಸರಣಿ) ಸಮೇತ ಎಚ್ಚರಿಕೆ ಬರೆಯುತ್ತದೆ. ಅದರಲ್ಲಿ ಕಾಣುತ್ತಿದ್ದದ್ದು ಡ್ರೈವರಿನ ಪ್ರೋಬ್ (ಬೈಂಡ್ ಆಗುವಾಗ ಓಡಿ ಸೆನ್ಸರನ್ನು ಸಿದ್ಧಗೊಳಿಸುವ ಫಂಕ್ಷನ್) ಅರ್ಧದಲ್ಲೇ ಬಿಟ್ಟು ಹೋದ ಗುರುತು. ಹಾಗಾದರೆ "ಪ್ರೋಬ್ ವಿಫಲ" ಎಂಬ ಸಾಲು ಲಾಗಿನಲ್ಲಿ ಏಕಿರಲಿಲ್ಲ? ಸೆನ್ಸರ್ ಉತ್ತರಿಸದಿದ್ದಾಗ ಈ ಬೋರ್ಡಿನ ಐ2ಸಿ ಕಂಟ್ರೋಲರ್ ಕೊಡುವ ದೋಷ ಸಂಖ್ಯೆ ಮೈನಸ್ 6, ಅಂದರೆ ಇಎನ್‌ಎಕ್ಸ್‌ಐಒ. ಅದನ್ನೂ ಇಎನ್‌ಒಡಿಇವಿ ಎಂಬ ಇನ್ನೊಂದು ದೋಷ ಸಂಖ್ಯೆಯನ್ನೂ ಡ್ರೈವರ್ ಕೋರ್ "ಈ ಸಾಧನ ನನ್ನದಲ್ಲ" ಎಂದು ತಿಳಿದು ಡೀಬಗ್ ಮಟ್ಟದಲ್ಲಷ್ಟೇ ಬರೆಯುತ್ತದೆ, ಮಾಮೂಲಿ ಲಾಗಿಗೆ ಏನೂ ಬರುವುದಿಲ್ಲ. ಇದೇ ವೈಫಲ್ಯಕ್ಕೆ ಇಐಒ ಎಂಬ ದೋಷ ಸಂಖ್ಯೆ ಬಂದಿದ್ದರೆ ಕಾರಣ ಮೊದಲ ದಿನವೇ ಕಣ್ಣಿಗೆ ಬೀಳುತ್ತಿತ್ತು.

ಲೆಕ್ಕ ತಾಳೆಯಾದದ್ದು

ಲಾಗ್ ಇದ್ದದ್ದು ರ‍್ಯಾಮ್‌ನಲ್ಲಿ, ರೀಬೂಟ್ ಆದರೆ ಹೋಯಿತು. ಅದಕ್ಕೆ ಮೊದಲು ರ‍್ಯಾಮ್‌ಊಪ್ಸ್ ಹಾಕಿ, ಬಿಸಿ ರೀಬೂಟ್‌ನಲ್ಲಿ ಅಳಿಸಿಹೋಗದ ಒಂದು ತುಂಡು ಮೆಮೊರಿಯಲ್ಲಿ ಪ್ಯಾನಿಕ್ (ಕರ್ನಲ್ ಕೈಚೆಲ್ಲಿ ನಿಲ್ಲುವುದು) ವರದಿ ಉಳಿಯುವಂತೆ ಮಾಡಲಾಯಿತು. ಮುಂದಿನ ರೀಬೂಟ್‌ನಲ್ಲೇ ಉತ್ತರ ಸಿಕ್ಕಿತು: ಮೆಮೊರಿ ಬರಿದಾಗಿದೆ, ಅಂಥ ಹೊತ್ತಲ್ಲಿ ಪ್ಯಾನಿಕ್ ಆಗಲಿ ಎಂದು ಸೆಟ್ ಮಾಡಿದ್ದರಿಂದ ಬೋರ್ಡ್ ರೀಬೂಟ್ ಆಗಿದೆ. ವರದಿಯಲ್ಲಿ ಹಿಂಪಡೆಯಲಾಗದ ಸ್ಲ್ಯಾಬ್‌ಗಳ (ಕರ್ನಲ್ ತನ್ನ ಸಣ್ಣ ವಸ್ತುಗಳಿಗೆ ಬಳಸುವ ಮೆಮೊರಿ) ಪಟ್ಟಿಯೂ ಇತ್ತು. ಅಂಥ ಸ್ಲ್ಯಾಬ್ ಪ್ರಮಾಣ ಬಳಕೆದಾರ ಪ್ರೋಗ್ರಾಂಗಳ ಪುಟಗಳನ್ನು ಮೀರಿದಾಗ ಮಾತ್ರ ಕರ್ನಲ್ ಈ ಪಟ್ಟಿ ಕೊಡುತ್ತದೆ. ಆದ್ದರಿಂದ ಪಟ್ಟಿ ಬಂದಿರುವುದೇ ತಿಂದದ್ದು ಕರ್ನಲ್ ಎಂಬುದಕ್ಕೆ ಪುರಾವೆ. ಅದರಲ್ಲಿ ಉಬ್ಬಿದ್ದವು ಎರಡೇ: ಕೆಮ್ಯಾಲಕ್-2ಕೆ, ಕೆಮ್ಯಾಲಕ್-4ಕೆ, ಅಂದರೆ 2 ಮತ್ತು 4 ಕೆಬಿ ತುಂಡುಗಳ ಕ್ಯಾಷ್‌ಗಳು (ಒಂದೇ ಅಳತೆಯ ವಸ್ತುಗಳ ಸಂಗ್ರಹ).

ಸೋರಿಕೆ ಹುಡುಕುವ ಕೆಮ್ಮೆಮ್‌ಲೀಕ್ ಹಾಕಿದ ಕರ್ನಲನ್ನು 64 ಎಂಬಿ ಬೋರ್ಡಿಗೆ ತುಂಬಿ ತೋಟಕ್ಕೆ ಕಳಿಸುವ ಅಗತ್ಯ ಬೀಳಲಿಲ್ಲ. ಗಂಟೆಗೊಮ್ಮೆ ಸ್ಲ್ಯಾಬ್‌ಇನ್ಫೋ ಎಂಬ ಎಣಿಕೆಯ ಫೈಲಿನ ಆ ಎರಡು ಸಾಲುಗಳನ್ನು ಅಂಕಿಗಳ ಜೊತೆಗೇ ಕಳಿಸಿದ್ದು ಸಾಕಾಯಿತು. ಎರಡೂ ಕ್ಯಾಷ್‌ಗಳಲ್ಲಿ ಬಳಕೆಯಲ್ಲಿರುವ ವಸ್ತುಗಳು ಒಂದೇ ವೇಗದಲ್ಲಿ ಏರುತ್ತಿದ್ದವು, ಗಂಟೆಗೆ 180. ಡೀಮನ್ 20 ಸೆಕೆಂಡಿಗೊಮ್ಮೆ ಯತ್ನಿಸಿದರೆ ಗಂಟೆಗೆ ಆಗುವುದೂ 180. ಅಂದರೆ ಸೋತ ಪ್ರತಿ ಬೈಂಡ್‌ಗೆ 2 ಕೆಬಿಯ ಒಂದು, 4 ಕೆಬಿಯ ಒಂದು, ಒಟ್ಟು 6 ಕೆಬಿ ನಷ್ಟ. ದಿನಕ್ಕೆ 4,320 ಯತ್ನ, 25,920 ಕೆಬಿ, ಸುಮಾರು 25 ಎಂಬಿ. ಬೂಟ್ ಆದ ಮೇಲೆ ಈ ಬೋರ್ಡಿನಲ್ಲಿ ಖಾಲಿ ಉಳಿಯುವುದು 38 ಎಂಬಿ ಆಸುಪಾಸು. ಒಂದೂವರೆ ದಿನದ ಗುಟ್ಟು ಇಲ್ಲಿದೆ.

ಎಣಿಕೆ ಹೀಗೆ ಸ್ಪಷ್ಟವಾಗಿ ತಾಳೆಯಾಗದ ಕಡೆ ಇನ್ನೊಂದು ದಾರಿ ಇದೆ. ಬೂಟ್ ಸಾಲಿನಲ್ಲಿ ಸ್ಲಬ್-ಡೀಬಗ್‌ಗೆ ಯು ಅಕ್ಷರವನ್ನೂ ಬೇಕಾದ ಒಂದೇ ಕ್ಯಾಷ್‌ನ ಹೆಸರನ್ನೂ ಕೊಟ್ಟರೆ, ಡೀಬಗ್ ಫೈಲ್‌ಸಿಸ್ಟಮ್‌ನಲ್ಲಿ ಆ ಕ್ಯಾಷ್‌ನ ಅಲಾಕ್-ಟ್ರೇಸಸ್ ಫೈಲು ಯಾವ ಫಂಕ್ಷನ್ ಎಷ್ಟು ವಸ್ತು ಹಿಡಿದಿದೆ ಎಂದು ಹೇಳುತ್ತದೆ. ಪ್ರತಿ ವಸ್ತುವಿಗೂ ಗುರುತಿನ ಮಾಹಿತಿ ಸೇರುವುದರಿಂದ ಸಣ್ಣ ಬೋರ್ಡಿನಲ್ಲಿ ಎಲ್ಲ ಕ್ಯಾಷ್‌ಗೂ ಹಾಕಬಾರದು.

ಪ್ರೋಬ್ ಒಳಗೆ ಮೂರು ತೂತು

ಡ್ರೈವರಿನ ಪ್ರೋಬ್ ಮಾಡುವ ಕೆಲಸ, ಅನುಕ್ರಮವಾಗಿ: ತನ್ನ ಮಾಹಿತಿ ಇಡಲು 1,160 ಬೈಟ್‌ನ ಖಾಸಗಿ ಸ್ಟ್ರಕ್ಟ್ ಪಡೆಯುವುದು (1,024 ದಾಟಿದ್ದರಿಂದ ಇದು 2ಕೆ ಕ್ಯಾಷ್‌ಗೆ ಬೀಳುತ್ತದೆ), ಓದಿದ ಅಂಕಿ ಕೂಡಿಡಲು 4,096 ಬೈಟ್‌ನ ಬಫರ್ ಪಡೆಯುವುದು, ರೆಗ್ಯುಲೇಟರ್ ಆನ್ ಮಾಡುವುದು, 20 ಮಿಲಿಸೆಕೆಂಡ್ ಕಾದು ಚಿಪ್ ಗುರುತು ಓದುವುದು, ಕ್ಯಾಲಿಬ್ರೇಷನ್ ಕೋಷ್ಟಕ ಓದಿ ಸಿಆರ್‌ಸಿ (ಓದು ಸರಿಯೇ ಎಂದು ತಾಳೆನೋಡುವ ಸಂಖ್ಯೆ) ನೋಡುವುದು, ಅಳತೆಯ ಡಿಲೇಡ್ ವರ್ಕ್ (ಸ್ವಲ್ಪ ಹೊತ್ತು ಬಿಟ್ಟು ಓಡುವ ಕೆಲಸ) ಶುರುಮಾಡುವುದು, ಕೊನೆಗೆ ಸಾಧನವನ್ನು ಕರ್ನಲ್‌ನಲ್ಲಿ ದಾಖಲಿಸುವ ಡಿವೈಸ್-ರಿಜಿಸ್ಟರ್.

ಮೊದಲ ತೂತು ಚಿಪ್ ಗುರುತು ಓದುವಲ್ಲಿ. ದೋಷ ಬಂದರೆ ಅಲ್ಲಿಂದ ನೇರ ರಿಟರ್ನ್. ಸ್ಟ್ರಕ್ಟ್, ಬಫರ್, ರೆಗ್ಯುಲೇಟರಿನ ಆನ್ ಎಣಿಕೆ ಮೂರೂ ಹೋದವು. ತೋಟದಲ್ಲಿ ಓಡುತ್ತಿದ್ದದ್ದು ಇದೇ ದಾರಿ. ಇದರ ಪರಿಣಾಮ ಮೆಮೊರಿಗಷ್ಟೇ ನಿಲ್ಲಲಿಲ್ಲ. ಎಣಿಕೆ ಇಳಿಯದೆ ಉಳಿದದ್ದರಿಂದ ಮೊದಲ ಸೋಲಿನ ನಂತರ ಸೆನ್ಸರಿನ ಕರೆಂಟ್ ಕಡಿತವಾಗುವುದೇ ನಿಂತುಹೋಯಿತು. ಕರೆಂಟ್ ಕಡಿದು ಕೊಡುವುದಕ್ಕೆಂದೇ ಡೀಮನ್ ಬೈಂಡ್ ಮಾಡುತ್ತಿತ್ತು, ಕರೆಂಟ್ ಕಡಿಯದ್ದರಿಂದ ಚಿಪ್ ಏಳುತ್ತಿರಲಿಲ್ಲ, ಏಳದ್ದರಿಂದ ಡೀಮನ್ ಮತ್ತೆ ಬೈಂಡ್ ಮಾಡುತ್ತಿತ್ತು. ಮಳೆಗೆ ಒದ್ದೆಯಾದ ಕೇಬಲ್‌ನ ಕನೆಕ್ಟರ್ ಹತ್ತು ನಿಮಿಷ ತಪ್ಪಿ ಮತ್ತೆ ಕೂಡಿಕೊಂಡರೂ ಸೋರಿಕೆ ರೀಬೂಟ್‌ವರೆಗೂ ಸಾಗಿದ್ದು ಇದರಿಂದ. ರೀಬೂಟ್ ಆದಾಗ ಮಾತ್ರ ಕರೆಂಟ್ ಹೋಗಿ, "ರೀಬೂಟ್ ಮಾಡಿದರೆ ಸರಿಹೋಗುತ್ತದೆ" ಎಂಬ ಭ್ರಮೆಗೂ ಕಾರಣವಾಯಿತು.

ಎರಡನೆಯದು ಕ್ಯಾಲಿಬ್ರೇಷನ್ ಹಂತದ್ದು. ಇಲ್ಲಿ ದೋಷ ಬಂದಾಗ ಜಿಗಿಯುವ ಗೋಟು ಇದೆ, ಜಿಗಿದು ಸೇರುವ ಲೇಬಲ್ ಇದೆ, ಆದರೆ ಆ ಲೇಬಲ್ ಸ್ಟ್ರಕ್ಟನ್ನಷ್ಟೇ ಬಿಡುತ್ತದೆ. ಬಫರ್ ಆಮೇಲೆ ಸೇರಿಸಿದ್ದು. ಪಡೆಯುವ ಸಾಲನ್ನು ಮೇಲೆ ಸೇರಿಸಿದವರು ಕೆಳಗಿನ ಲೇಬಲ್‌ಗಳವರೆಗೆ ಕಣ್ಣು ಹಾಯಿಸಿಲ್ಲ. ಕರ್ನಲ್ ದೋಷದ ದಾರಿಗಳಲ್ಲಿ ಆಗಾಗ ಕಾಣುವ ಸೋರಿಕೆ ಈ ಬಗೆಯದು. ಲೇಬಲ್‌ಗಳಿಗೆ "ತಪ್ಪು1", "ತಪ್ಪು2" ಎಂದು ಹೆಸರಿಟ್ಟಿದ್ದರೆ ಇದು ಕಣ್ಣಿಗೂ ಬೀಳುವುದಿಲ್ಲ. ಲೇಬಲ್ ಏನನ್ನು ಬಿಡುತ್ತದೋ ಅದರ ಹೆಸರನ್ನೇ ಇಡಬೇಕೆಂದು ಕರ್ನಲಿನ ಶೈಲಿ ದಸ್ತಾವೇಜು ಹೇಳುವುದು ಸುಮ್ಮನಲ್ಲ.

ಮೂರನೆಯದು ಡಿವೈಸ್-ರಿಜಿಸ್ಟರ್ ಸೋತಾಗ. ಅಲ್ಲಿ ಕೆಫ್ರೀ (ಮೆಮೊರಿಯನ್ನು ನೇರವಾಗಿ ಬಿಡುವ ಕರೆ) ಮಾಡಿ ಹೊರಬರಲಾಗಿತ್ತು. ಇದು ಮೇಲ್ನೋಟಕ್ಕೆ ಸರಿಯೆನಿಸುತ್ತದೆ, ಆದರೆ ತಪ್ಪು. ಡಿವೈಸ್-ರಿಜಿಸ್ಟರ್ ತನ್ನ ಮೊದಲ ಹೆಜ್ಜೆಯಲ್ಲೇ ರೆಫರೆನ್ಸ್ ಎಣಿಕೆ (ವಸ್ತುವನ್ನು ಎಷ್ಟು ಕಡೆ ಹಿಡಿದಿದ್ದಾರೆ ಎಂಬ ಲೆಕ್ಕ) ಶುರುಮಾಡುತ್ತದೆ. ಅಲ್ಲಿಂದ ಮುಂದೆ ಅದು ಸೋತರೂ ಆ ವಸ್ತುವನ್ನು ಬಿಡಬೇಕಾದದ್ದು ಆ ಎಣಿಕೆ ಇಳಿಸುವ ಪುಟ್-ಡಿವೈಸ್ ಮೂಲಕವೇ. ನೇರ ಕೆಫ್ರೀ ಮಾಡಿದರೆ ಸಾಧನದ ಹೆಸರಿಗೆಂದು ಪ್ರತ್ಯೇಕವಾಗಿ ಪಡೆದ ಸ್ಟ್ರಿಂಗ್ ಸೋರುತ್ತದೆ. ಇಲ್ಲಿ ಅದಕ್ಕಿಂತ ಕೆಟ್ಟದ್ದೂ ಇತ್ತು: ಹಿಂದಿನ ಹಂತದಲ್ಲಿ ಶುರುವಾದ ಡಿಲೇಡ್ ವರ್ಕ್ ಒಂದು ಸೆಕೆಂಡ್ ಬಿಟ್ಟು ಬಂದು, ಬಿಟ್ಟುಕೊಟ್ಟ ಸ್ಟ್ರಕ್ಟನ್ನೇ ಮುಟ್ಟುತ್ತದೆ.

ಮೇಜಿನ ಮೇಲೆ ಮಳೆ ಬರಿಸುವುದು

ಮುಂದಿನ ಮಳೆಗೆ ಕಾಯುತ್ತಾ ಕೂರಲಾಗದು. ಶಿವಮೊಗ್ಗದ ಮೇಜಿನ ಮೇಲಿನ ಕ್ಯೂಎಮು ಎಂಬ ಅನುಕರಣ ಯಂತ್ರದಲ್ಲಿ ಐ2ಸಿ-ಸ್ಟಬ್ ಎಂಬ ಮಾಡ್ಯೂಲ್ ಹಾಕಿದರೆ ಸುಳ್ಳು ಬಸ್ಸು ಸಿದ್ಧ. ಅದು ಐ2ಸಿಯ ಮೇಲೆ ನಡೆಯುವ ಎಸ್‌ಎಂಬಸ್ ಆಜ್ಞೆಗಳಿಗೆ ಮಾತ್ರ ಉತ್ತರಿಸುತ್ತದೆ, ಈ ಡ್ರೈವರ್ ಬಳಸುವುದೂ ಅವನ್ನೇ. ಸ್ಟಬ್‌ಗೆ ಹೆಕ್ಸ್ 40 ವಿಳಾಸ ಕೊಟ್ಟು, ನ್ಯೂ-ಡಿವೈಸ್ ಫೈಲಿನ ಮೂಲಕ ಸೆನ್ಸರನ್ನು ಹೆಕ್ಸ್ 41ರಲ್ಲಿ ಹುಟ್ಟಿಸಿದರೆ ಆ ವಿಳಾಸದಲ್ಲಿ ಉತ್ತರಿಸುವವರೇ ಇಲ್ಲ, ಪ್ರತಿ ಬೈಂಡೂ ಸೋಲುತ್ತದೆ. ಸ್ಟಬ್ ಕೊಡುವ ಸಂಖ್ಯೆ ಇಎನ್‌ಒಡಿಇವಿ, ತೋಟದಲ್ಲಿ ಬರುತ್ತಿದ್ದದ್ದು ಬೇರೆ. ಹಾಗಿದ್ದರೂ ಡ್ರೈವರಿನೊಳಗಿನ ದಾರಿ ಒಂದೇ. ಎರಡನೆಯ ತೂತಿಗೆ ಸೆನ್ಸರನ್ನು 40ರಲ್ಲೇ ಇಟ್ಟು, ಐ2ಸಿಸೆಟ್ ಆಜ್ಞೆಯಿಂದ ಚಿಪ್ ಗುರುತನ್ನು ಮಾತ್ರ ಬರೆದು, ಸಿಆರ್‌ಸಿ ಜಾಗದಲ್ಲಿ ತಪ್ಪು ಬೈಟ್ ಇಟ್ಟರೆ ಆಯಿತು.

ಅಳತೆ ಸರಳ. ಮೆಮ್‌ಇನ್ಫೋ ಫೈಲಿನ ಎಸ್‌ಅನ್‌ರೀಕ್ಲೇಮ್ (ಹಿಂಪಡೆಯಲಾಗದ ಸ್ಲ್ಯಾಬ್‌ನ ಮೊತ್ತ) ಸಾಲು ಬರೆದುಕೊಂಡು, ಸಾವಿರ ಸಲ ಸೋಲುವ ಬೈಂಡ್ ಮಾಡಿ, ಮತ್ತೆ ಓದಬೇಕು. ಮೊದಲ ತೂತಿನಲ್ಲಿ ಹಳೆಯ ಡ್ರೈವರ್ 6,000 ಕೆಬಿ ಹತ್ತಿರ ಏರಿಸಬೇಕು. ಸರಿಯಾದದ್ದು ಹತ್ತಾರು ಕೆಬಿ ಅತ್ತಿತ್ತ ಆಡಬಹುದು, ಮುಂದಿನ ಸಾವಿರಕ್ಕೆ ಮತ್ತೆ ಏರಬಾರದು.

ಕೆಮ್ಮೆಮ್‌ಲೀಕ್ ಬಳಸುವವರು ಅದರ ಸ್ವಭಾವ ತಿಳಿದಿರಬೇಕು. ಕ್ಯಾಟಲಿನ್ ಮರಿನಾಸ್ ಬರೆದ ಈ ಸಾಧನ 2009ರಲ್ಲಿ, 2.6.31ರೊಂದಿಗೆ ಕರ್ನಲ್ ಸೇರಿತು. ಅದು ಮೆಮೊರಿಯನ್ನೆಲ್ಲ ಜಾಲಾಡಿ, ಒಂದು ವಸ್ತುವಿನ ಕಡೆಗೆ ಯಾವ ಪಾಯಿಂಟರೂ (ಅದರ ವಿಳಾಸ) ಸಿಗದಿದ್ದರೆ ಅದು ಅನಾಥ ಎಂದು ವರದಿ ಮಾಡುತ್ತದೆ. ವರದಿಯಲ್ಲಿ 1,160 ಹುಡುಕಬೇಡಿ, ಕ್ಯಾಷ್‌ನ ಅಳತೆಯಾದ 2,048 ಬರುತ್ತದೆ. ಐದು ಸೆಕೆಂಡಿಗಿಂತ ಹೊಸ ವಸ್ತುವನ್ನು ಅದು ಹೇಳುವುದಿಲ್ಲ. ಸ್ಟ್ಯಾಕ್‌ನಲ್ಲೋ ರಿಜಿಸ್ಟರಿನಲ್ಲೋ ಹಳೆಯ ಪಾಯಿಂಟರ್ ಉಳಿದಿದ್ದರೂ ಸುಮ್ಮನಿರುತ್ತದೆ, ಹಾಗಾಗಿ ಆರು ಸೆಕೆಂಡ್ ಬಿಟ್ಟು ಎರಡು ಸಲ ಸ್ಕ್ಯಾನ್ ಕೊಡುವುದು ರೂಢಿ. ಎಲ್ಲಕ್ಕಿಂತ ಮೋಸದ್ದು ಟೈಮರ್. ಸ್ಟ್ರಕ್ಟ್ ಒಳಗಿನ ಡಿಲೇಡ್ ವರ್ಕ್ ಸರತಿಯಲ್ಲಿ ಇರುವಷ್ಟು ಹೊತ್ತು ಟೈಮರ್ ಪಟ್ಟಿಯ ಪಾಯಿಂಟರ್ ಆ ಸ್ಟ್ರಕ್ಟ್‌ನ ನಡುವಿಗೆ ಬಂದು ಸೇರುತ್ತದೆ, ನಡುವಿಗೆ ಬಂದ ಪಾಯಿಂಟರನ್ನೂ ಕೆಮ್ಮೆಮ್‌ಲೀಕ್ ಒಪ್ಪುತ್ತದೆ. ಹೀಗಾಗಿ ತನ್ನನ್ನು ತಾನೇ ಮತ್ತೆ ಮತ್ತೆ ಸರತಿಗೆ ಹಾಕಿಕೊಳ್ಳುವ ವರ್ಕ್ ಇರುವ ಸೋರಿಕೆಯನ್ನು ಅದು ಎಂದಿಗೂ ಹೇಳುವುದಿಲ್ಲ. ವರದಿ ಖಾಲಿ ಇದೆ ಎಂದರೆ ಸೋರಿಕೆ ಇಲ್ಲ ಎಂದೇನೂ ಅಲ್ಲ.

ಮೊದಲ ಎರಡು ತೂತಿಗೆ ಬಂದ ವರದಿಯ ಸ್ಟ್ಯಾಕ್ ಮಾತ್ರ ನೇರವಾಗಿತ್ತು: ಬೈಂಡ್-ಸ್ಟೋರ್, ಅಲ್ಲಿಂದ ರಿಯಲೀ-ಪ್ರೋಬ್, ಐ2ಸಿ-ಡಿವೈಸ್-ಪ್ರೋಬ್, ಡ್ರೈವರಿನ ಪ್ರೋಬ್.

ತಿದ್ದುಪಡಿ, ಮತ್ತು ಅದರಲ್ಲೂ ಎಡವುವ ಜಾಗ

ಸುಲಭವಾಗಿ ಹೊಳೆಯುವ ತಿದ್ದುಪಡಿ ಎಂದರೆ ದೋಷದ ಮೂರೂ ಕಡೆ ಎರಡೆರಡು ಕೆಫ್ರೀ ಸೇರಿಸುವುದು. ಸಾವಿರ ಬೈಂಡ್ ಪರೀಕ್ಷೆಯಲ್ಲಿ ಅದು ಪಾಸೂ ಆಗುತ್ತದೆ. ಆದರೆ ಮೆಮೊರಿಯ ತಪ್ಪು ಬಳಕೆ ಹಿಡಿಯುವ ಕೇಸಾನ್ ಹಾಕಿದ ಕರ್ನಲ್‌ನಲ್ಲಿ ಡಿವೈಸ್-ರಿಜಿಸ್ಟರ್ ಸೋಲಿಸಿದ ಕೂಡಲೇ, ಬಿಟ್ಟ ಮೆಮೊರಿ ಮುಟ್ಟಿದ ದೂರು ಬರುತ್ತದೆ. ಸೋರಿಕೆ ಇದ್ದಾಗ ಬೋರ್ಡ್ ಒಂದೂವರೆ ದಿನ ತಡೆದುಕೊಳ್ಳುತ್ತಿತ್ತು. ಇದು ಹಾಗಲ್ಲ, ಯಾರ ಮೆಮೊರಿಯನ್ನೋ ಕೆಡಿಸಿ ಎಲ್ಲೋ ಬಿದ್ದು, ಕಾರಣ ಹುಡುಕಲು ವಾರಗಟ್ಟಲೆ ಹಿಡಿಸುವ ಜಾತಿ. ಎರಡರಲ್ಲಿ ಒಂದನ್ನು ಆರಿಸಲೇಬೇಕೆಂದರೆ ಸೋರಿಕೆಯೇ ಮೇಲು.

ಒಪ್ಪಿತವಾದ ತಿದ್ದುಪಡಿ ಪ್ರೋಬ್‌ನ ಅನುಕ್ರಮವನ್ನೇ ಬದಲಿಸಿತು. ಸ್ಟ್ರಕ್ಟ್ ಪಡೆದ ಮರುಸಾಲಿನಲ್ಲೇ ರೆಫರೆನ್ಸ್ ಎಣಿಕೆ ಶುರುಮಾಡುವ ಡಿವೈಸ್-ಇನಿಷಿಯಲೈಸ್ ಕರೆದು, ಎಣಿಕೆ ಸೊನ್ನೆಯಾದಾಗ ಓಡುವ ರಿಲೀಸ್ ಫಂಕ್ಷನ್‌ನಲ್ಲಿ ಬಫರ್ ಮತ್ತು ಸ್ಟ್ರಕ್ಟ್ ಎರಡನ್ನೂ ಬಿಡುವ ಹಾಗೆ ಮಾಡಲಾಯಿತು. ಬಫರ್ ಇನ್ನೂ ಸಿಕ್ಕಿರದಿದ್ದರೂ ತೊಂದರೆಯಿಲ್ಲ, ನಲ್‌ಗೆ ಕೆಫ್ರೀ ಮಾಡಿದರೆ ಏನೂ ಆಗುವುದಿಲ್ಲ. ಅಲ್ಲಿಂದ ಮುಂದೆ ಯಾವ ಹಂತ ಸೋತರೂ ಹೋಗಬೇಕಾದ ಲೇಬಲ್ ಒಂದೇ, ಅದರಲ್ಲಿ ಇರುವುದು ಪುಟ್-ಡಿವೈಸ್ ಒಂದೇ. ಡಿವೈಸ್-ರಿಜಿಸ್ಟರ್ ಜಾಗಕ್ಕೆ ಅದರ ಎರಡನೆಯ ಅರ್ಧವಾದ ಡಿವೈಸ್-ಆಡ್ ಬಂತು. ಡಿಲೇಡ್ ವರ್ಕ್ ಶುರುಮಾಡುವ ಸಾಲು ಅದಕ್ಕೂ ಕೆಳಗೆ, ಪ್ರೋಬ್‌ನ ಕಟ್ಟಕಡೆಗೆ ಹೋಯಿತು. ಸೋಲಬಹುದಾದ ಹಂತಗಳೆಲ್ಲ ಮುಗಿದ ಮೇಲೆ ಶುರುವಾಗುವುದರಿಂದ ದೋಷದ ದಾರಿಯಲ್ಲಿ ಅದನ್ನು ನಿಲ್ಲಿಸುವ ಪ್ರಶ್ನೆಯೇ ಏಳುವುದಿಲ್ಲ. ರಿಮೂವ್‌ನಲ್ಲಿ (ಅನ್‌ಬೈಂಡ್ ಆಗುವಾಗ ಓಡುವ ಫಂಕ್ಷನ್) ಮಾತ್ರ ಮೊದಲು ವರ್ಕನ್ನು ಸಿಂಕ್ ಸಮೇತ ರದ್ದುಮಾಡಿ, ಆಮೇಲೆ ಡಿವೈಸ್-ಅನ್‌ರಿಜಿಸ್ಟರ್.

ಎಲ್ಲವನ್ನೂ ಡೆವ್‌ಎಂ ಬಗೆಯ ಅಲೋಕೇಷನ್‌ಗೆ ಬದಲಿಸಿದರೆ ಇಷ್ಟು ತಲೆಬಿಸಿ ಏಕೆ ಎಂದು ಕೇಳಬಹುದು. ಪ್ರೋಬ್ ಸೋತಾಗ ತಾನಾಗಿ ಬಿಡುಗಡೆಯಾಗುವ ಆ ಏರ್ಪಾಡು 2007ರಿಂದ ಇದೆ, ಸಾಮಾನ್ಯ ಡ್ರೈವರ್‌ಗೆ ಅದೇ ಲೇಸು. ಈ ಡ್ರೈವರಿನ ಸ್ಟ್ರಕ್ಟ್‌ಗೆ ಅದು ಒಗ್ಗದು. ಡೀಮನ್ ಫೈಲನ್ನು ತೆರೆದು ಹಿಡಿದಿರುವಾಗಲೇ ಅನ್‌ಬೈಂಡ್ ಆದರೆ ಡೆವ್‌ಎಂ ಮೆಮೊರಿ ಆ ಕ್ಷಣವೇ ಹೋಗುತ್ತದೆ, ತೆರೆದ ಫೈಲು ಇನ್ನೂ ಅದರ ಕಡೆಗೇ ಬೆರಳು ತೋರಿಸುತ್ತಿರುತ್ತದೆ. ಸ್ಕೋಪ್ (ಕೋಡಿನ ಆ ಭಾಗ) ಮುಗಿದೊಡನೆ ತಾನಾಗಿ ಬಿಡುವ ಕ್ಲೀನಪ್ ಗುಣಲಕ್ಷಣಗಳು ಬಂದದ್ದು 6.5ರಲ್ಲಿ, 2023ಕ್ಕೆ. ಮೂಲ 6.1ರಲ್ಲಿ ಅವು ಇರಲಿಲ್ಲ.

ರೆಗ್ಯುಲೇಟರ್ ಆಫ್ ಮಾಡುವ ಕೆಲಸವನ್ನು ಮಾತ್ರ ಡೆವ್‌ಎಂ-ಆಡ್-ಆಕ್ಷನ್-ಆರ್-ರೀಸೆಟ್‌ಗೆ ಒಪ್ಪಿಸಲಾಯಿತು. ಇಲ್ಲೊಂದು ಗುಂಡಿ ಇದೆ. ಡೆವ್‌ಎಂ ಆಕ್ಷನ್‌ಗಳು ಓಡುವುದು ಪ್ರೋಬ್ ದೋಷ ಹೇಳಿ ಹಿಂದಿರುಗಿದ ಮೇಲೆ. ಅಷ್ಟರಲ್ಲಿ ಪುಟ್-ಡಿವೈಸ್ ಸ್ಟ್ರಕ್ಟನ್ನು ಬಿಟ್ಟಾಗಿರುತ್ತದೆ. ಆದ್ದರಿಂದ ಆಕ್ಷನ್‌ಗೆ ಕೊಡಬೇಕಾದ್ದು ರೆಗ್ಯುಲೇಟರಿನ ಪಾಯಿಂಟರ್, ಅದನ್ನು ಹೊತ್ತ ಸ್ಟ್ರಕ್ಟ್‌ನ ಪಾಯಿಂಟರ್ ಅಲ್ಲ. ಕರಡು ಪ್ಯಾಚ್‌ಗಳಲ್ಲಿ ಕೈ ರೂಢಿಯಿಂದ ಸ್ಟ್ರಕ್ಟನ್ನೇ ಕೊಟ್ಟುಬಿಡುತ್ತದೆ, ಕಂಪೈಲರ್ ತುಟಿಪಿಟಕ್ ಎನ್ನುವುದಿಲ್ಲ.

ಇದೇ ಕಡತದಲ್ಲಿ ಇನ್ನೊಂದು ಸಣ್ಣದು ಸಿಕ್ಕಿತು: ಡಿವೈಸ್ ಟ್ರೀಯ (ಬೋರ್ಡಿನ ಸಾಧನಗಳನ್ನು ಮರದಂತೆ ಜೋಡಿಸಿದ ಪಟ್ಟಿ) ಮಕ್ಕಳ ನೋಡ್‌ಗಳ ಮೇಲೆ ಸುತ್ತುವಾಗ ನಡುವೆ ರಿಟರ್ನ್ ಆದರೆ ಆ ನೋಡ್‌ಗೆ ಎಣಿಕೆ ಇಳಿಸುವ ಆಫ್-ನೋಡ್-ಪುಟ್ ಇಲ್ಲ. ಬೂಟ್‌ನಲ್ಲಿ ಬಂದ ಸ್ಥಿರ ಮರವಾದ್ದರಿಂದ ಬೈಟ್ ಏನೂ ಸೋರುವುದಿಲ್ಲ, ಎಣಿಕೆ ಕೆಡುತ್ತದೆ. ತಿದ್ದಿ ಮುಂದೆ ಹೋಗಲಾಯಿತು.

ಪ್ರತಿ ಅಲೋಕೇಷನ್ನನ್ನೂ ಒಮ್ಮೆ ಸೋಲಿಸುವುದು

ತೋಟದಲ್ಲಿ ಓಡಿದ್ದು ಒಂದು ದಾರಿ. ಉಳಿದವನ್ನು ಓಡಿಸಲು, ಎಷ್ಟನೆಯ ಅಲೋಕೇಷನ್ (ಮೆಮೊರಿ ಪಡೆಯುವ ಯತ್ನ) ಸೋಲಬೇಕೆಂದು ಹೇಳುವ ಫೇಲ್-ಎನ್‌ಟಿಎಚ್ ಇದೆ. ಕರ್ನಲನ್ನು ಫಾಲ್ಟ್ ಇಂಜೆಕ್ಷನ್, ಫೇಲ್‌ಸ್ಲ್ಯಾಬ್ ಆಯ್ಕೆಗಳೊಂದಿಗೆ ಕಟ್ಟಬೇಕು. ಫೇಲ್‌ಸ್ಲ್ಯಾಬ್‌ನ ಇಗ್ನೋರ್-ಜಿಎಫ್‌ಪಿ-ವೇಟ್ ಫೈಲಿಗೆ ಎನ್ ಅಕ್ಷರ ಬರೆಯುವುದನ್ನು ಮರೆಯಬಾರದು. ಮೂಲ ಸ್ಥಿತಿಯಲ್ಲಿ ಅದು ನಿದ್ರಿಸಬಲ್ಲ ಅಲೋಕೇಷನ್‌ಗಳನ್ನು, ಅಂದರೆ ಪ್ರೋಬ್‌ನಲ್ಲಿ ಇರುವ ಬಹುತೇಕ ಎಲ್ಲವನ್ನೂ, ಬಿಟ್ಟುಬಿಡುತ್ತದೆ. ಪರೀಕ್ಷೆ ಏನನ್ನೂ ಸೋಲಿಸದೆ "ಪಾಸ್" ಎನ್ನುತ್ತದೆ.

ಆಮೇಲೆ ಒಂದು ಪುಟ್ಟ ಪ್ರೋಗ್ರಾಂ ತನ್ನದೇ ಫೇಲ್-ಎನ್‌ಟಿಎಚ್ ಫೈಲಿಗೆ 1 ಬರೆದು ಬೈಂಡ್ ಮಾಡುತ್ತದೆ, ಮುಂದಿನ ಸಲ 2, ಹೀಗೆ. ಬೈಂಡ್ ಬರೆದ ಪ್ರಕ್ರಿಯೆಯಲ್ಲೇ ಪ್ರೋಬ್ ಓಡುವುದರಿಂದ ಎಣಿಕೆ ತಪ್ಪುವುದಿಲ್ಲ. ಫೈಲನ್ನು ಓದಿದಾಗ ಸೊನ್ನೆ ಬಂದರೆ ಆ ಸಲ ಸೋಲಿಸಲಾಗಿದೆ ಎಂದರ್ಥ. ಸೊನ್ನೆಗಿಂತ ಹೆಚ್ಚು ಉಳಿದರೆ ಪ್ರೋಬ್‌ನ ಅಲೋಕೇಷನ್‌ಗಳೆಲ್ಲ ಮುಗಿದಿವೆ, ಸೊನ್ನೆ ಬರೆದು ನಿಲ್ಲಿಸಬಹುದು. ನಡುವಿನ ಕೆಲವು ಸಂಖ್ಯೆಗಳಲ್ಲಿ ಅಲೋಕೇಷನ್ ಸೋತರೂ ಬೈಂಡ್ ಗೆಲ್ಲುತ್ತದೆ, ಕರ್ನಲ್ ಕೆಲವನ್ನು ಸಹಿಸಿಕೊಂಡು ಮುಂದೆ ಹೋಗುತ್ತದೆ. ಅಂಥ ಸಲ ಅನ್‌ಬೈಂಡ್ ಮಾಡಿ ಮುಂದಿನ ಸಂಖ್ಯೆಗೆ ಹೋಗಬೇಕು. ಪ್ರತಿ ಸುತ್ತಿನ ಕೊನೆಗೆ ಕೆಮ್ಮೆಮ್‌ಲೀಕ್ ಸ್ಕ್ಯಾನ್, ಜೊತೆಗೆ ಕೇಸಾನ್. ಸ್ಮ್ಯಾಚ್‌ನಂಥ ಸ್ಥಿರ ವಿಶ್ಲೇಷಕ ನೇರ ರಿಟರ್ನ್‌ನ ಮೊದಲ ತೂತನ್ನು ಓಡಿಸದೆಯೇ ಹಿಡಿಯಬಲ್ಲದು, ಅದನ್ನು ಪ್ರತಿ ಬಿಲ್ಡ್‌ಗೂ ಸೇರಿಸಲಾಯಿತು. ಯಾರ ಹೊಣೆ ಯಾವ ಸಾಲಿನಲ್ಲಿ ಯಾರಿಗೆ ದಾಟುತ್ತದೆ ಎಂಬ ಮೂರನೆಯ ಬಗೆಗೆ ಅದನ್ನೇ ನಂಬಿ ಕೂರಲಾಗದು.

ತೋಟಕ್ಕೆ ವಾಪಸ್

ಇಡೀ ಇಮೇಜ್ ಕಳಿಸಲಿಲ್ಲ, ಮಾಡ್ಯೂಲ್ ಫೈಲೊಂದೇ ಹೋಯಿತು. ಅದೇ ಕರ್ನಲ್ ಸಂರಚನೆಯಲ್ಲಿ ಕಟ್ಟಿ ವರ್ಮ್ಯಾಜಿಕ್ (ಕರ್ನಲ್ ಆವೃತ್ತಿಯ ಗುರುತು) ಸಾಲು ಹೊಂದುತ್ತದೆಯೇ ನೋಡಿಕೊಂಡರೆ ಸಾಕು. ಕೇಬಲ್‌ನ ಕನೆಕ್ಟರ್ ಬಿಚ್ಚಿದಾಗ ಪಿನ್‌ಗಳಿಗೆ ಹಸಿರು ಕಿಲುಬು ಹಿಡಿದಿತ್ತು. ಅದನ್ನು ನೀರು ನುಗ್ಗದ ಬಗೆಗೆ ಬದಲಿಸಿ, ಬಾಯಿ ಕೆಳಮುಖವಾಗುವಂತೆ ಕಟ್ಟಿ, ಕೇಬಲ್‌ಗೆ ಹನಿ ಜಾರುವ ಬಾಗು ಕೊಡಲಾಯಿತು. ಈ ಕೆಲಸ ಮೊದಲೇ ಮಾಡಿದ್ದರೆ ಡ್ರೈವರಿನ ತೂತು ಇನ್ನೊಂದು ವರ್ಷ ಮುಚ್ಚಿಕೊಂಡು ಇರುತ್ತಿತ್ತು. ಆದ್ದರಿಂದ ಹಳೆಯ ಕನೆಕ್ಟರಿನಲ್ಲೇ ಹೊಸ ಮಾಡ್ಯೂಲ್ ಒಂದು ಜಡಿಮಳೆ ಕಂಡ ಮೇಲಷ್ಟೇ ಪಿನ್ ಮುಟ್ಟಿದ್ದು. ಡೀಮನ್ ಈಗ 20 ಸೆಕೆಂಡಿನಿಂದ ಶುರುಮಾಡಿ ಪ್ರತಿ ಸೋಲಿಗೂ ಅಂತರ ಇಮ್ಮಡಿಸುತ್ತಾ ಹತ್ತು ನಿಮಿಷಕ್ಕೆ ನಿಲ್ಲುತ್ತದೆ. ಬೈಂಡ್ ಸೋತ ಸಂಖ್ಯೆ ಮತ್ತು ಎಸ್‌ಅನ್‌ರೀಕ್ಲೇಮ್ ಎರಡೂ ಎಲೆತೇವದ ಅಂಕಿಯ ಜೊತೆಗೇ ಗಂಟೆಗೊಮ್ಮೆ ಬರುತ್ತವೆ. ದಿನಕ್ಕೆ 2 ಎಂಬಿಗಿಂತ ಹೆಚ್ಚು ಏರಿದರೆ ಎಚ್ಚರಿಕೆ ಹೋಗುತ್ತದೆ.